ಆಸ್ಪತ್ರೆ ನಡೆಯುತ್ತಿರುವಾಗಲೇ ಸ್ಲ್ಯಾಬ್ ರಿಪೇರಿ: ಒಂದೊಂದೇ ಮಹಡಿ ಖಾಲಿ ಮಾಡಿದರೆ ಸಾಕಾ?

ನೀಲಿ_ಹೆಲ್ಮೆಟ್ (ಉಡುಪಿ)

ಎಲ್ಲರಿಗೂ ನಮಸ್ಕಾರ. 110 ಹಾಸಿಗೆಯ ಆಸ್ಪತ್ರೆ, ನೆಲಮಹಡಿಯ ಮೇಲೆ ಮೂರು ಮಹಡಿ. ಕಟ್ಟಿ 35 ವರ್ಷ ದಾಟಿದೆ, ಸಮುದ್ರ ಎರಡು ಕಿಲೋಮೀಟರ್ ಒಳಗೆ. ಕೆಳಗೆ ಒಪಿಡಿ, ಎಕ್ಸ್‌ರೇ, ಎಮರ್ಜೆನ್ಸಿ. ಒಂದನೇ ಮಹಡಿಯಲ್ಲಿ ಡಯಾಲಿಸಿಸ್ ಮತ್ತು ಹೆಂಗಸರ ವಾರ್ಡ್, ಎರಡರಲ್ಲಿ ಗಂಡಸರ ವಾರ್ಡ್ ಮತ್ತು ಸ್ಪೆಷಲ್ ರೂಮ್, ಮೂರರಲ್ಲಿ ಎರಡು ಓಟಿ (ಆಪರೇಶನ್ ಥಿಯೇಟರ್) ಮತ್ತು 10 ಹಾಸಿಗೆಯ ಐಸಿಯು.

ಗಂಡಸರ ವಾರ್ಡಿನ ಸೀಲಿಂಗಿನಿಂದ ಕಾಂಕ್ರೀಟ್ ಚಕ್ಕೆ ಬೀಳುತ್ತಾ ಉಂಟು, ಸರಳು ಹೊರಗೆ ಕಾಣುತ್ತದೆ. ಟಾಯ್ಲೆಟ್ ಬದಿಯ ಬೀಮುಗಳಲ್ಲಿ ಸರಳಿನ ಉದ್ದಕ್ಕೇ ಬಿರುಕು. ಟೆರೇಸ್ ಸೋರುತ್ತದೆ. ಆಡಿಟ್ ರಿಪೋರ್ಟಿನಲ್ಲಿ ಹಾಫ್ ಸೆಲ್ ರೀಡಿಂಗ್ (ಸರಳಿಗೆ ತುಕ್ಕು ಹಿಡಿಯುವ ಸಾಧ್ಯತೆ ತೋರಿಸುವ ಪರೀಕ್ಷೆ) ಹೆಚ್ಚಿನ ಕಡೆ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಬಂದಿದೆ. ಮ್ಯಾನೇಜ್‌ಮೆಂಟಿನವರು ಆಸ್ಪತ್ರೆ ಮುಚ್ಚಲಿಕ್ಕೆ ಆಗುವುದಿಲ್ಲ, ಒಂದೊಂದೇ ಮಹಡಿ ಖಾಲಿ ಮಾಡಿಕೊಡುತ್ತೇವೆ ಅನ್ನುತ್ತಾರೆ. ಕಂಟ್ರಾಕ್ಟರ್ ಎರಡು ತಿಂಗಳಲ್ಲಿ ಮುಗಿಸುತ್ತೇನೆ, ಒಡೆಯುವ ಕೆಲಸ ರಾತ್ರಿ ಮಾಡುತ್ತೇನೆ ಅನ್ನುತ್ತಾನೆ. ಇದು ಆಗುವ ಮಾತಾ? ಯಾವುದರಿಂದ ಶುರು ಮಾಡಬೇಕು?

ಮುರಕಲ್ಲು

ಮಹಡಿ ಲೆಕ್ಕದಲ್ಲಿ ಹೋಗಬೇಡಿ. ಕಟ್ಟಡವನ್ನು ಅಡ್ಡಕ್ಕೆ ಅಲ್ಲ, ಮೇಲಿಂದ ಕೆಳಗೆ ಕೊಯ್ದು ನೋಡಿ. ಟೆರೇಸಿನಿಂದ ನೆಲದವರೆಗೆ ಒಂದು ಪಟ್ಟಿ, ಅದು ಮುಗಿದ ಮೇಲೆ ಪಕ್ಕದ ಪಟ್ಟಿ. ಇದಕ್ಕೆ ಮೊದಲ ಕಾರಣ ಪ್ರಾಪ್, ಅಂದರೆ ಸ್ಲ್ಯಾಬ್ ಹೊರಲಿಕ್ಕೆ ಕೊಡುವ ತಾತ್ಕಾಲಿಕ ಜಾಕಿ ಕಂಬ. ಗಂಡಸರ ವಾರ್ಡಿನ ಸೀಲಿಂಗ್ ಅಂದರೆ ಐಸಿಯುವಿನ ನೆಲ. ಅದರ ಬೀಮ್ ಒಡೆಯುವಾಗ ಭಾರ ಹೊರಲಿಕ್ಕೆ ಪ್ರಾಪ್ ಕೊಡುತ್ತೀರಿ. ಆ ಪ್ರಾಪ್ ನಿಲ್ಲುವುದು ಎರಡನೇ ಮಹಡಿಯ ನೆಲದ ಮೇಲೆ, ಆ ಸ್ಲ್ಯಾಬೂ ತುಕ್ಕು ಹಿಡಿದದ್ದೇ. ಹಾಗಾಗಿ ಅದರ ಕೆಳಗೂ ಪ್ರಾಪ್ ಬೇಕು, ಅದರ ಕೆಳಗೂ ಬೇಕು, ಕೊನೆಗೆ ಒಪಿಡಿಯ ನೆಲಕ್ಕೆ ಭಾರ ಇಳಿಯಬೇಕು. ಎರಡನೇ ಮಹಡಿ ಮಾತ್ರ ಖಾಲಿ ಮಾಡಿದರೆ ಕೆಳಗಿನ ಡಯಾಲಿಸಿಸ್ ಕುರ್ಚಿಗಳ ನಡುವೆ ಜಾಕಿ ನಿಲ್ಲಿಸುತ್ತೀರಾ? ಟಾಯ್ಲೆಟ್ ಪೈಪು, ಡಕ್ಟು ಎಲ್ಲ ಹೋಗುವುದೂ ಮೇಲಿಂದ ಕೆಳಗೆ. ಮೂರನೇ ಮಹಡಿಯ ಸಂಡಾಸಿನ ಪೈಪ್ ಬಿಚ್ಚಿದರೆ ಆ ಸಾಲಿನ ಎಲ್ಲಾ ಟಾಯ್ಲೆಟ್ ಬಂದ್.

ನಿಮ್ಮ ಕಟ್ಟಡದ ಉದ್ದವನ್ನು ಐದು ಭಾಗ ಮಾಡಿದರೆ ಒಂದು ಪಟ್ಟಿಗೆ ಎಲ್ಲಾ ಮಹಡಿ ಸೇರಿ ಸುಮಾರು 20–22 ಹಾಸಿಗೆ ಹೋಗುತ್ತದೆ. ಇಡೀ ವಾರ್ಡ್ ಮಹಡಿ ಮುಚ್ಚುವುದಕ್ಕಿಂತ ಇದು ಕಡಿಮೆಯೇ, ಯಾವ ವಿಭಾಗವೂ ಪೂರ್ತಿ ನಿಲ್ಲುವುದಿಲ್ಲ.

ಪ್ರಾಪ್ ವಿಷಯದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಮೇಲಿನ ಮಹಡಿಯ ಪ್ರಾಪಿನ ನೇರ ಕೆಳಗೆ ಕೆಳಗಿನ ಪ್ರಾಪ್ ಇರಬೇಕು. ಒಂದಡಿ ಆಚೀಚೆ ಆದರೂ ನಡುವಿನ ಸ್ಲ್ಯಾಬಿಗೆ ತಿವಿದಂತೆ ಭಾರ ಬೀಳುತ್ತದೆ. ಇನ್ನೊಂದು, ಬಿಗಿ ಮಾಡುವಾಗ ಹುಡುಗರು ಶಕ್ತಿ ತೋರಿಸುತ್ತಾರೆ. ಪ್ರಾಪ್ ಸ್ಲ್ಯಾಬಿಗೆ ತಾಗಿ ಗಟ್ಟಿ ನಿಂತರೆ ಸಾಕು, ಎತ್ತಬಾರದು. ಎತ್ತಿದರೆ ಸ್ಲ್ಯಾಬ್ ಮೇಲ್ಮುಖವಾಗಿ ಬಾಗಿ, ಕಬ್ಬಿಣ ಇಲ್ಲದ ಮೇಲ್ಭಾಗ ಬಿರುಕು ಬಿಡುತ್ತದೆ. ಅಂತರ, ಸಂಖ್ಯೆ ಎರಡನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ಡ್ರಾಯಿಂಗಿನಲ್ಲಿ ಕೊಡಬೇಕು, ಮೇಸ್ತ್ರಿ ಅಂದಾಜು ಬೇಡ.

ಒಡೆದ ಕಾಂಕ್ರೀಟನ್ನು ವಾರ್ಡಿನ ಮೂಲೆಯಲ್ಲಿ ರಾಶಿ ಹಾಕಬೇಡಿ. ವಾರ್ಡಿನ ನೆಲಕ್ಕೆ ಐಎಸ್ 875 (ಕಟ್ಟಡದ ಭಾರದ ಭಾರತೀಯ ಮಾನದಂಡ) ಹಿಡಿಯುವ ಓಡಾಟದ ಭಾರ ಚದರ ಮೀಟರಿಗೆ 200 ಕಿಲೋ. ಸಡಿಲ ಕಾಂಕ್ರೀಟ್ ಒಂದು ಗೇಣು ಎತ್ತರ ಹರಡಿದರೂ ಆ ಲೆಕ್ಕ ದಾಟುತ್ತದೆ. 50 ಚದರ ಮೀಟರ್ ಸೀಲಿಂಗನ್ನು 40 ಮಿ.ಮೀ. ಆಳಕ್ಕೆ ಒಡೆದರೆ ಸುಮಾರು 4,800 ಕಿಲೋ ಆಗುತ್ತದೆ. ಅಂದರೆ 25 ಕಿಲೋದ 190 ಚೀಲ. ಅಕ್ಕಿ ಗೋಣಿಗೆ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಅದನ್ನು ರೋಗಿಗಳ ಲಿಫ್ಟಿನಲ್ಲಿ ಇಳಿಸುವ ಯೋಚನೆಯೇ ಬೇಡ. ಆ ಪಟ್ಟಿಯ ಕಿಟಕಿಯೊಂದನ್ನು ಬಿಚ್ಚಿ ಹೊರಗಿನಿಂದ ಹಾಯ್ಸ್ಟ್ ಅಥವಾ ಮುಚ್ಚಿದ ಚೂಟ್ ಇಡಿ.

ಎರಡು ತಿಂಗಳು ಅನ್ನುವುದು ಮಾತಿಗೆ ಮಾತ್ರ ಆಯಿತು. ಒಂದು ಪಟ್ಟಿಗೆ ಖಾಲಿ ಮಾಡಿ ಗೋಡೆ ಕಟ್ಟಲಿಕ್ಕೆ 5 ದಿನ, ಪ್ರಾಪಿಗೆ 2, ಒಡೆಯಲಿಕ್ಕೆ ಒಂದು ವಾರ, ಸರಳಿನ ಕೆಲಸಕ್ಕೆ 4 ದಿನ, ಮಾರ್ಟರಿಗೆ ಒಂದು ವಾರ, ಟಾಯ್ಲೆಟ್ ಮತ್ತು ನೀರು ನಿಲ್ಲಿಸಿ ನೋಡಲಿಕ್ಕೆ 10 ದಿನ, ಬಣ್ಣ ಮತ್ತು ಕ್ಲೀನಿಂಗಿಗೆ 4. ಐದೂವರೆ ವಾರ ಆಯಿತು. ಐದು ಪಟ್ಟಿಗೆ 27–28 ವಾರ. ದೀಪಾವಳಿ ಮರುದಿನ ಶುರು ಮಾಡಿದರೆ ಪತ್ತನಾಜೆಗೆ (ಮೇ 24ರ ಸುಮಾರು, ಮಳೆಗಾಲದ ಮೊದಲು) ಮುಗಿಯಬಹುದು, ದೀಪಾವಳಿ ತಡವಾಗಿ ಬಂದ ವರ್ಷ ಕೈಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಪರ್ಯಾಯದ (ಎರಡು ವರ್ಷಕ್ಕೊಮ್ಮೆ ನಡೆಯುವ ಕೃಷ್ಣ ಮಠದ ಉತ್ಸವ) ವರ್ಷವಾದರೆ ಜನವರಿ 18ರ ಆಸುಪಾಸಿನ ವಾರದಲ್ಲಿ ಊರೊಳಗೆ ಲಾರಿ ಬರಲಿಕ್ಕೂ ಕಷ್ಟ. ಆ ವಾರಕ್ಕೆ ಮಾಲು ಮೊದಲೇ ತಂದು ಹಾಕಿಕೊಳ್ಳಿ.

ಪತ್ತನಾಜೆ_ಬಿಲ್ಡರ್

ಇಷ್ಟೆಲ್ಲ ಯಾಕೆ ಮಾರಾಯ್ರೆ? ಊರಿನಲ್ಲಿ ಎಲ್ಲರೂ ಮಾಡುವ ಹಾಗೆ ಟೆರೇಸಿಗೆ ಶೀಟ್ ಹಾಕಿಸಿ. ಸೋರುವುದು ನಿಂತರೆ ತುಕ್ಕೂ ನಿಲ್ಲುತ್ತದೆ.

ಮುರಕಲ್ಲು

ಶೀಟ್ ಹಾಕುವುದು ಒಳ್ಳೆಯ ಮೊದಲ ಹೆಜ್ಜೆ, ಒಪ್ಪುತ್ತೇನೆ. ಮೇಲಿನ ನೀರು ನಿಲ್ಲಿಸದೆ ಕೆಳಗೆ ಮಾರ್ಟರ್ ಮೆತ್ತುವುದು ದಂಡ. ಆದರೆ ಸರಳಿನ ಸುತ್ತ ಉಪ್ಪು ಸೇರಿದ ಮೇಲೆ ಅದಕ್ಕೆ ಮಳೆನೀರೇ ಬೇಕು ಅಂತ ಇಲ್ಲ, ಇಲ್ಲಿಯ ಗಾಳಿಯ ತೇವ ಸಾಕು. ಟೆರೇಸಿನಲ್ಲಿ ಎಸಿಯ ಔಟ್‌ಡೋರ್ ಯೂನಿಟ್, ಓಟಿಯ ಎಎಚ್‌ಯು (ಗಾಳಿ ಸೋಸಿ ಒಳಗೆ ಕಳಿಸುವ ಯಂತ್ರ) ಇದ್ದರೆ ಶೀಟಿನ ಅಡಿಯಲ್ಲಿ ಬಿಸಿಗಾಳಿ ಸಿಕ್ಕಿಹಾಕಿಕೊಂಡು ಮೆಷಿನ್ ಟ್ರಿಪ್ ಆಗುತ್ತದೆ, ಸುತ್ತ ತೆರೆದು ಬಿಡಬೇಕು. ಕಂಬ ನಿಲ್ಲಿಸಲಿಕ್ಕೆ ಸ್ಲ್ಯಾಬಿಗೆ ಎಲ್ಲೆಂದರಲ್ಲಿ ಬೋಲ್ಟ್ ಹೊಡೆಯಬೇಡಿ, ಕಾಲಮ್ಮಿನ ತಲೆ ಹುಡುಕಿ ಅದರ ಮೇಲೆ ನಿಲ್ಲಿಸಿ. ಜೂನ್ ಗಾಳಿ ಶೀಟನ್ನು ಕೆಳಗೆ ಒತ್ತುವುದಕ್ಕಿಂತ ಹೆಚ್ಚು ಮೇಲಕ್ಕೆ ಎಳೆಯುತ್ತದೆ.

ವಾರ್ಡ್_ಕೊನೇ_ಬೆಡ್

ಸೋಂಕು ನಿಯಂತ್ರಣದ ಕಡೆಯಿಂದ ಬರೆಯುತ್ತಿದ್ದೇನೆ. ಹಳೆಯ ಸೀಲಿಂಗ್, ತೇವ ಹಿಡಿದ ಗಾರೆ, ಟಾಯ್ಲೆಟ್ ನೆಲದ ಅಡಿ ತುಂಬಿಸಿದ ಇಟ್ಟಿಗೆಚೂರು ಇವುಗಳಲ್ಲೆಲ್ಲ ಬೂಷ್ಟು ಕೂತಿರುತ್ತದೆ. ಒಡೆದಾಗ ಏಳುವ ಆಸ್ಪರ್ಜಿಲಸ್ ಬೀಜಕಣ 2–3 ಮೈಕ್ರಾನ್ ಅಷ್ಟೇ. ಕಣ್ಣಿಗೆ ಕಾಣುವ ಧೂಳು ಕೂತ ಮೇಲೂ ಅದು ಗಾಳಿಯಲ್ಲಿ ತೇಲುತ್ತಾ ಇರುತ್ತದೆ. ಗಟ್ಟಿ ಆಳಿಗೆ ಏನೂ ಆಗಲಿಕ್ಕಿಲ್ಲ. ಕೀಮೋ ತೆಗೆದುಕೊಳ್ಳುವವರು, ಹೆಚ್ಚು ಸ್ಟೀರಾಯ್ಡ್‌ನಲ್ಲಿ ಇರುವವರು, ಕಸಿ ಆದವರು, ವೆಂಟಿಲೇಟರಿನಲ್ಲಿ ಇರುವವರಿಗೆ ಅದು ಶ್ವಾಸಕೋಶದಲ್ಲಿ ಬೇರು ಬಿಡುತ್ತದೆ. ಹಾಗಾಗಿ ಪಟ್ಟಿ ಗುರುತಿಸಿದ ಮೇಲೆ ಅದರ ಎಡ, ಬಲ, ಮೇಲೆ, ಕೆಳಗೆ ಯಾರಿದ್ದಾರೆ ಅಂತ ಪಟ್ಟಿಪಟ್ಟಿಗೂ ಬರೆದು ಇಡಿ. ಇವರಲ್ಲಿ ಯಾರಾದರೂ ಗೋಡೆಯ ಆಚೆ ಇದ್ದರೆ ಕೆಲಸಕ್ಕೆ ಮೊದಲು ಅವರ ಹಾಸಿಗೆ ಬದಲಾಗಬೇಕು.

ಹಸಿರು ಪರದೆ, ಟಾರ್ಪಾಲ್ ಇವು ತಡೆಯಲ್ಲ. ಒಂದು ದಿನದ ಕೆಲಸಕ್ಕೆ ದಪ್ಪ ಪ್ಲಾಸ್ಟಿಕ್ ನಡೆಯುತ್ತದೆ. ಐದು ವಾರಕ್ಕೆ ಜಿಪ್ಸಮ್ ಬೋರ್ಡ್ ಗೋಡೆಯೇ ಬೇಕು. ಅದು ಫಾಲ್ಸ್ ಸೀಲಿಂಗ್‌ವರೆಗೆ ಅಲ್ಲ, ಅದನ್ನು ದಾಟಿ ನಿಜವಾದ ಸ್ಲ್ಯಾಬಿಗೆ ತಾಗಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಕೆಳಗೆ ಚಂದದ ಗೋಡೆ, ಮೇಲೆ ಫಾಲ್ಸ್ ಸೀಲಿಂಗ್ ಒಳಗೆ ಈ ತುದಿಯಿಂದ ಆ ತುದಿಗೆ ಧೂಳಿಗೆ ಹೆದ್ದಾರಿ. ಕೇಬಲ್ ಟ್ರೇ, ಪೈಪು ತೂರುವ ತೂತು, ಎಸಿ ರಿಟರ್ನ್ ಗ್ರಿಲ್ ಎಲ್ಲ ಸೀಲ್ ಆಗಬೇಕು. ಬಾಗಿಲು ಎರಡು, ನಡುವೆ ಒಬ್ಬ ಆಳು ಚೀಲ ಹಿಡಿದು ನಿಲ್ಲುವಷ್ಟು ಜಾಗ, ನೆಲಕ್ಕೆ ಅಂಟುವ ಮ್ಯಾಟ್. ಕೆಲಸದ ಬಟ್ಟೆ ಅಲ್ಲೇ ಬಿಚ್ಚಬೇಕು.

ಒಳಗಿನ ಗಾಳಿ ಹೊರಗಿಗಿಂತ ಕಡಿಮೆ ಒತ್ತಡದಲ್ಲಿ ಇರಬೇಕು, ಕನಿಷ್ಠ 2.5 ಪ್ಯಾಸ್ಕಲ್ ವ್ಯತ್ಯಾಸ. ಹೆಪಾ ಫಿಲ್ಟರ್ (ಅತಿ ಸಣ್ಣ ಕಣವನ್ನೂ ಹಿಡಿಯುವಂಥದ್ದು) ಇರುವ ಎಕ್ಸಾಸ್ಟ್ ಯಂತ್ರ ಬಾಡಿಗೆಗೆ ತೆಗೆದುಕೊಳ್ಳಿ. ಲೆಕ್ಕ ಸುಲಭ: 6 ಮೀಟರ್ ಉದ್ದ, 5 ಅಗಲ, 3 ಎತ್ತರದ ಕೋಣೆ 90 ಘನ ಮೀಟರ್. ಗಂಟೆಗೆ 12 ಸಲ ಗಾಳಿ ಬದಲಾಗಬೇಕಾದರೆ 1,080 ಘನ ಮೀಟರ್, ಅಂದರೆ ಸುಮಾರು 640 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಫಿಲ್ಟರ್ ಕಟ್ಟಿಕೊಂಡಾಗ ಎಳೆತ ಕಡಿಮೆಯಾಗುವುದರಿಂದ 1,000 ಸಿಎಫ್‌ಎಂ ಯಂತ್ರ ತನ್ನಿ. ಒಡೆಯುವ ದಿನಗಳಲ್ಲಿ ಪ್ರೀ-ಫಿಲ್ಟರ್ ದಿನಾ ಬದಲಾಯಿಸಿ. ಗೇಜ್ ಇಲ್ಲದಿದ್ದರೆ ಬಾಗಿಲಿನ ಸಂದಿಗೆ ಟಿಶ್ಯೂ ಪೇಪರಿನ ಒಂದು ಎಳೆ ಅಂಟಿಸಿ. ಅದು ಒಳಮುಖ ವಾಲುತ್ತಾ ಇರಬೇಕು. ಊದುಬತ್ತಿ ಹಿಡಿದು ನೋಡುವ ರೂಢಿ ಉಂಟು, ಆಕ್ಸಿಜನ್ ಇರುವ ವಾರ್ಡಿನಲ್ಲಿ ಅದು ಬೇಡ. ಯಂತ್ರವನ್ನು ಸಂಜೆ ಆರಿಸಿ ಹೋಗುವುದೂ ಬೇಡ, ರಾತ್ರಿಯೂ ಓಡಲಿ.

ಹಿಡಿಸೂಡಿ ಕಂಡರೆ ಕಿತ್ತುಕೊಳ್ಳಿ. ಗುಡಿಸುವುದು ಅಂದರೆ ಕೂತ ಬೀಜಕಣವನ್ನು ಮತ್ತೆ ಎಬ್ಬಿಸಿದ ಹಾಗೆ. ಹೆಪಾ ವ್ಯಾಕ್ಯೂಮ್, ಆಮೇಲೆ ಒದ್ದೆ ಮಾಪ್.

ಟೆರೇಸಿನ ಗಾರೆ ಕೀಳುವಾಗ ಓಟಿಯ ಎಎಚ್‌ಯು ತಾಜಾ ಗಾಳಿ ಎಳೆಯುವ ಬಾಯಿ ಎಲ್ಲಿದೆ ನೋಡಿ. ಎರಡೂ ಓಟಿಗೆ ಒಂದೇ ಎಎಚ್‌ಯು ಆದರೆ "ಒಂದು ಓಟಿ ನಡೆಸುತ್ತೇವೆ" ಅನ್ನುವ ಮಾತೇ ಇಲ್ಲ, ಆ ದಿನಗಳಿಗೆ ಎರಡೂ ಬಂದ್.

ನೀಲಿ_ಹೆಲ್ಮೆಟ್ (ಉಡುಪಿ)

ತುಂಬಾ ಉಪಕಾರ. ಪಟ್ಟಿ ಲೆಕ್ಕ ಮ್ಯಾನೇಜ್‌ಮೆಂಟಿಗೆ ತೋರಿಸುತ್ತೇನೆ. ಎರಡು ಸಂಶಯ ಉಳಿಯಿತು. ರಾತ್ರಿ ಒಡೆಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಗಂಡಸರ ವಾರ್ಡಿನ ಆಕ್ಸಿಜನ್ ಲೈನ್ ಒಡೆಯಬೇಕಾದ ಬೀಮಿಗೇ ಕ್ಲ್ಯಾಂಪ್ ಆಗಿದೆ. ಅದು ಐಸಿಯುವಿಗೂ ಹೋಗುವ ಲೈನ್.

ವಾಲ್ವ್_ಬಾಕ್ಸ್

ರಾತ್ರಿ ಬೇಡ. ರೋಗಿಗಳ ನಿದ್ದೆಯ ಮಾತು ಹಾಗಿರಲಿ, ರಾತ್ರಿ ಎರಡು ಗಂಟೆಗೆ ಉಳಿ ತಾಗಿ ಪೈಪ್ ಒಡೆದರೆ ವಾಲ್ವ್ ತಿರುಗಿಸಲಿಕ್ಕೆ ಯಾರಿದ್ದಾರೆ? ರೌಂಡ್ಸ್ ಮುಗಿದ ಮೇಲೆ 10:30ರಿಂದ 1ರವರೆಗೆ, ಮತ್ತೆ 3:30ರಿಂದ 6ರವರೆಗೆ ಇಟ್ಟುಕೊಳ್ಳಿ. ಮೇಲೆ ಓಟಿಯಲ್ಲಿ ಕಣ್ಣಿನದ್ದೋ ಮೈಕ್ರೋಸ್ಕೋಪ್ ಹಾಕುವಂಥದ್ದೋ ಆಪರೇಶನ್ ಇದ್ದರೆ ಆ ಹೊತ್ತು ಹ್ಯಾಮರ್ ಮುಟ್ಟಬಾರದು. ಅದಕ್ಕೆ ಓಟಿ ಲಿಸ್ಟ್ ಹಿಂದಿನ ಸಂಜೆಯೇ ಸೈಟ್ ಎಂಜಿನಿಯರ್ ಕೈಗೆ ಸಿಗಬೇಕು.

ಆಕ್ಸಿಜನ್ ಲೈನನ್ನು ಅಲ್ಲೇ ಇಟ್ಟುಕೊಂಡು ಸುತ್ತ ಒಡೆಯುವ ಸಾಹಸ ಬೇಡ. ಮೊದಲೇ ಬೇರೆ ದಾರಿಯಲ್ಲಿ ಹೊಸ ತಾಮ್ರದ ಲೈನ್ ಎಳೆದು, ಒಂದು ನಿಗದಿತ ಹೊತ್ತಿನಲ್ಲಿ ಜೋಡಿಸಿ. ಬ್ರೇಜಿಂಗ್ (ಪೈಪಿಗೆ ಬೆಸುಗೆ) ಮಾಡುವಾಗ ಪೈಪಿನ ಒಳಗೆ ನೈಟ್ರೋಜನ್ ಹರಿಯುತ್ತಾ ಇರಬೇಕು, ಇಲ್ಲದಿದ್ದರೆ ಒಳಗೆ ಕಪ್ಪು ಪದರ ಕಟ್ಟಿ ಆಮೇಲೆ ಉದುರಿ ಫ್ಲೋಮೀಟರ್, ವೆಂಟಿಲೇಟರಿನ ಫಿಲ್ಟರಿಗೆ ಬಂದು ಕೂರುತ್ತದೆ. ಕೆಲಸ ಆದ ಮೇಲೆ ಪೈಪಿನಲ್ಲಿ ಇರುವುದು ನೈಟ್ರೋಜನ್, ನೆನಪಿರಲಿ. ಒತ್ತಡ ಇಳಿಯದೆ ನಿಂತಿತು, ಲೀಕ್ ಇಲ್ಲ ಅಂತ ರೋಗಿಗೆ ಕೊಡಬೇಡಿ. ಆಕ್ಸಿಜನ್‌ನಿಂದ ಚೆನ್ನಾಗಿ ಹಾಯಿಸಿ, ಒಂದೊಂದು ಔಟ್‌ಲೆಟ್‌ನಲ್ಲೂ ಅನಲೈಜರ್ ಹಿಡಿದು ನೋಡಿದ ಮೇಲೆಯೇ ತೆರೆಯಬೇಕು. ವ್ಯಾಕ್ಯೂಮ್, ಏರ್ ಲೈನುಗಳಿಗೆ ಅದಲುಬದಲಾಗಿಲ್ಲ ಅನ್ನುವುದನ್ನೂ ಒಂದೊಂದಾಗಿ ತೆರೆದು ಖಾತ್ರಿ ಮಾಡಬೇಕು.

ಜೋಡಣೆಯ ಹೊತ್ತಿಗೆ ಐಸಿಯುವಿಗೆ ಸಿಲಿಂಡರ್ ಎಷ್ಟು ಬೇಕು? ಜಂಬೋ ಸಿಲಿಂಡರ್ 7,000 ಲೀಟರ್ ಅಂತ ಹಿಡಿಯಿರಿ. ಮಾಸ್ಕಿನಲ್ಲಿ ನಿಮಿಷಕ್ಕೆ 5 ಲೀಟರ್ ಎಳೆಯುವ ರೋಗಿಗೆ ಒಂದು ದಿನ ಹತ್ತಿರ ಬರುತ್ತದೆ. ಹೈ ಫ್ಲೋದಲ್ಲಿ ನಿಮಿಷಕ್ಕೆ 50 ಲೀಟರ್ ಶುದ್ಧ ಆಕ್ಸಿಜನ್ ಹೋಗುವವರಿಗೆ 2 ಗಂಟೆ 20 ನಿಮಿಷ, ಅಷ್ಟೇ. ಹಾಗಾಗಿ "ನಾಲ್ಕು ಸಿಲಿಂಡರ್ ಉಂಟು" ಅನ್ನುವುದು ಉತ್ತರವಲ್ಲ. ಆ ದಿನದ ರೋಗಿಗಳನ್ನು ನೋಡಿ ಲೆಕ್ಕ ಹಾಕಿ, ಜೋಡಣೆಗೆ ಅಂದುಕೊಂಡ ಹೊತ್ತಿನ ಎರಡರಷ್ಟು ಇಡಿ. ಹೈ ಫ್ಲೋದಲ್ಲಿ ಇಬ್ಬರು ಇದ್ದರೆ ಆ ದಿನ ಮುಂದೆ ಹಾಕುವುದೇ ಒಳ್ಳೆಯದು.

ವೆಲ್ಡಿಂಗ್, ಗ್ರೈಂಡರ್ ಕೆಲಸಕ್ಕೆ ದಿನದಿನದ ಪರ್ಮಿಟ್ ಚೀಟಿ. ಪಕ್ಕದಲ್ಲಿ ಎಕ್ಸ್‌ಟಿಂಗ್ವಿಶರ್ ಹಿಡಿದ ಒಬ್ಬ, ಕೆಲಸ ನಿಂತ ಮೇಲೂ ಅರ್ಧ ಗಂಟೆ ಅವನು ಅಲ್ಲೇ ಇರಬೇಕು. ಧೂಳಿಗೆ ಅಲಾರಂ ಹೊಡೆಯುತ್ತದೆ ಅಂತ ಸ್ಮೋಕ್ ಡಿಟೆಕ್ಟರಿಗೆ ಟೋಪಿ ಹಾಕುತ್ತಾರೆ. ಸಂಜೆ ಎಷ್ಟು ಹಾಕಿದ್ದೀರೋ ಅಷ್ಟೂ ತೆಗೆದದ್ದನ್ನು ಎಣಿಸಿ ಸಹಿ ಮಾಡಿ.

ನೀರಿನ ವಿಷಯ ಯಾರೂ ಎತ್ತಲಿಲ್ಲ. ಪಟ್ಟಿ ಬಂದ್ ಆದಾಗ ಅಲ್ಲಿಯ ಪೈಪಿನಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಜಾಗ. ಬರೇ ವಾಲ್ವ್ ಮುಚ್ಚಿ ಬಿಡಬೇಡಿ, ಮುಖ್ಯ ಲೈನಿನ ಬುಡದಲ್ಲೇ ಕತ್ತರಿಸಿ ಕ್ಯಾಪ್ ಹಾಕಿ. ತೆರೆಯುವಾಗ ಟ್ಯಾಂಕ್, ಲೈನ್ ಕ್ಲೋರಿನೇಶನ್ ಮಾಡುತ್ತೀರಿ, ಸರಿ. ಆದರೆ ಡಯಾಲಿಸಿಸ್‌ನವರಿಗೆ ಹೇಳದೆ ಮಾಡಬೇಡಿ. ಆರ್‌ಒದ ಕಾರ್ಬನ್ ಫಿಲ್ಟರ್ ಅಷ್ಟು ಕ್ಲೋರಿನ್ ತಡೆಯದಿದ್ದರೆ ಅದು ಡಯಾಲಿಸಿಸ್ ನೀರಿಗೆ ದಾಟಿ ರೋಗಿಯ ಕೆಂಪು ರಕ್ತಕಣ ಒಡೆಯುತ್ತದೆ. ಅಲ್ಲಿ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಡಯಾಲಿಸಿಸ್ ಇಲ್ಲದ ಹೊತ್ತಿನಲ್ಲಿ ಮಾಡಿ, ಪೂರ್ತಿ ಹರಿಸಿ, ಕಾರ್ಬನ್ ಟ್ಯಾಂಕಿನ ನಂತರದ ನೀರು ಪರೀಕ್ಷಿಸಿದ ಮೇಲೆ ಮೊದಲ ಶಿಫ್ಟ್ ಹತ್ತಿಸಬೇಕು.

ಮುರಕಲ್ಲು

ಈಗ ಸ್ಲ್ಯಾಬಿಗೆ ಬರೋಣ. ಮೈನಸ್ 350ಕ್ಕಿಂತ ಕೆಳಗೆ ಅಂದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಾಕ್ಕಿಂತ ಹೆಚ್ಚು. ಆದರೆ ಯಾಕೆ ಅಂತ ಅದು ಹೇಳುವುದಿಲ್ಲ. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಚಿಮುಕಿಸಿ. ಸರಳಿನವರೆಗೂ ಬಣ್ಣ ಬರದಿದ್ದರೆ ಕಾಂಕ್ರೀಟ್ ಕಾರ್ಬೊನೇಟ್ ಆಗಿದೆ, ಅಂದರೆ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಸರಳನ್ನು ಕಾಯುವ ಕ್ಷಾರ ಹೋಗಿದೆ. ಸರಳಿನ ಸುತ್ತ ಗುಲಾಬಿ ಬಂದೂ ಸರಳು ತಿಂದಿದ್ದರೆ ಉಪ್ಪು. ಈ ಕರಾವಳಿಯ ಹಳೆಯ ಕಟ್ಟಡದಲ್ಲಿ ಅಳಿವೆ (ನದಿ ಕಡಲು ಸೇರುವ ಜಾಗ) ಮರಳು ಸೇರಿರುವುದೂ ಉಂಟು, ಆಗ ಉಪ್ಪು ಹೊರಗಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಇರುವುದು. ಪುಡಿ ತೆಗೆದು ಬೇರೆ ಬೇರೆ ಆಳದಲ್ಲಿ ಕ್ಲೋರೈಡ್ ಪರೀಕ್ಷೆ ಮಾಡಿಸಿ. ಹೊಸ ಆರ್‌ಸಿಸಿಗೆ (ಸರಳು ಹಾಕಿದ ಕಾಂಕ್ರೀಟಿಗೆ) ಭಾರತೀಯ ಮಾನದಂಡ ಐಎಸ್ 456ರ ಮಿತಿ ಘನ ಮೀಟರಿಗೆ 0.6 ಕಿಲೋ.

ಉಪ್ಪಿದ್ದರೆ ಬರೇ ಪ್ಯಾಚ್ ಹಾಕುವುದು ಕೆಟ್ಟದ್ದು. ಹೊಸ ಮಾರ್ಟರಿನೊಳಗಿನ ಸರಳು ಸುರಕ್ಷಿತವಾಗುತ್ತದೆ, ಅದರ ಪಕ್ಕದ ಹಳೆಯ ಕಾಂಕ್ರೀಟಿನಲ್ಲಿ ಇರುವ ಭಾಗ ಮೊದಲಿಗಿಂತ ಬೇಗ ತಿನ್ನಲ್ಪಡುತ್ತದೆ. ಪ್ಯಾಚಿನ ಅಂಚಿಗೆ ಸರಿಯಾಗಿ ಹೊಸ ಬಿರುಕು ಬರುವುದು ಅದಕ್ಕೇ. ಅಂಚಿನ ಸರಳುಗಳಿಗೆ ಜಿಂಕ್ ಆನೋಡ್ (ಸರಳಿನ ಬದಲು ತಾನು ಸವೆಯುವ ಸತುವಿನ ತುಂಡು) ಕಟ್ಟಿಸಿ, ಅಂತರವನ್ನು ಕಬ್ಬಿಣದ ಪ್ರಮಾಣ ನೋಡಿ ತಯಾರಕರು ಕೊಡುತ್ತಾರೆ.

ಹ್ಯಾಮರ್ 5 ಕಿಲೋ ವರ್ಗದ್ದು ಸಾಕು. ದೊಡ್ಡದು ಬೇಗ ಒಡೆಯುತ್ತದೆ ನಿಜ, ಗಟ್ಟಿ ಕಾಂಕ್ರೀಟಿನಲ್ಲೂ ಕೂದಲೆಳೆ ಬಿರುಕು ಬಿಟ್ಟು ಹೋಗುತ್ತದೆ. ಸರಳಿನ ಹಿಂದೆ ಬೆರಳು ಹೋಗುವಷ್ಟು, 20–25 ಮಿ.ಮೀ., ಬಿಡಿಸಬೇಕು. ಮುಂದಿನ ಮುಖ ಮಾತ್ರ ಉಜ್ಜಿ ಬಣ್ಣ ಬಳಿದರೆ ಹಿಂದೆ ತುಕ್ಕು ಹಾಗೇ ಇರುತ್ತದೆ. ಉಜ್ಜಿದ ಮೇಲೆ ಕ್ಯಾಲಿಪರ್ ಹಿಡಿಯಿರಿ. 10 ಮಿ.ಮೀ. ಸರಳು 9 ಆಗಿದ್ದರೆ 19 ಶೇಕಡಾ ಉಕ್ಕು ಹೋಗಿದೆ, ಎಂಜಿನಿಯರ್ ನಿರ್ಧರಿಸಲಿ. 8ರದ್ದು 5 ಆಗಿದ್ದರೆ 61 ಶೇಕಡಾ ಹೋಯಿತು, ಅದರ ಪಕ್ಕ ಹೊಸ ಸರಳು ಬರಲೇಬೇಕು.

ಬಾಂಡಿಂಗ್ ಕೋಟಿನಲ್ಲಿ (ಹೊಸ ಮಾರ್ಟರ್ ಅಂಟಲಿಕ್ಕೆ ಬಳಿಯುವ ಪದರ) ಕೆಲಸ ಹಾಳಾಗುವುದು ಹೀಗೆ: ಹುಡುಗರು ಬೆಳಿಗ್ಗೆ ಇಡೀ ಸೀಲಿಂಗಿಗೆ ಬಳಿದು ಚಾ ಕುಡಿಯಲಿಕ್ಕೆ ಹೋಗುತ್ತಾರೆ. ಎಪ್ರಿಲ್ ಸೆಕೆಗೆ ಅದು ಅರ್ಧ ಗಂಟೆಯೊಳಗೆ ಒಣಗಿ ಪ್ಲಾಸ್ಟಿಕ್ ಪದರ ಆಗುತ್ತದೆ. ಅದರ ಮೇಲೆ ಹಾಕಿದ ಮಾರ್ಟರ್ ಹಿಡಿಯುವುದಿಲ್ಲ, ಪದರ ಸಮೇತ ಕಳಚಿ ಬೀಳುತ್ತದೆ. ಕೈಗೆ ಅಂಟುವಾಗಲೇ ಮಾರ್ಟರ್ ಹೋಗಬೇಕು. ಸೀಲಿಂಗಿಗೆ ಒಂದು ಸಲಕ್ಕೆ 10–15 ಮಿ.ಮೀ. ಮಾತ್ರ. ಆಳ 50 ದಾಟಿದರೆ ಶಟರಿಂಗ್ ಕಟ್ಟಿ ಮೈಕ್ರೋ ಕಾಂಕ್ರೀಟ್ (ತಾನೇ ಹರಿದು ತುಂಬುವ, ಸಣ್ಣ ಜಲ್ಲಿಯ ಕಾಂಕ್ರೀಟ್). ಕಲಸುವ ನೀರಿನ ಮೇಲೂ ಕಣ್ಣಿಡಿ, ಬೇಸಿಗೆಯಲ್ಲಿ ಕಡಲ ಬದಿಯ ಬಾವಿ ಉಪ್ಪಾಗುತ್ತದೆ. ಆರ್‌ಸಿಸಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು.

ಟಾಯ್ಲೆಟ್ ಸಂಕನ್ ಸ್ಲ್ಯಾಬಿನ (ಪೈಪಿಗಾಗಿ ತಗ್ಗಿಸಿದ ಸ್ಲ್ಯಾಬ್) ಹಳೆಯ ಇಟ್ಟಿಗೆ ತುಂಬು ಪೂರ್ತಿ ತೆಗೆಯಿರಿ, ಅದು ನೀರು ಕುಡಿದ ಸ್ಪಂಜು. ವಾಟರ್‌ಪ್ರೂಫಿಂಗ್ ಆದ ಮೇಲೆ 72 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ, ಆಮೇಲೆಯೇ ಹಗುರ ತುಂಬು. ತಳದಲ್ಲಿ ಒಂದು ಸಣ್ಣ ಔಟ್‌ಲೆಟ್ ಇಡಿ, ಮುಂದೆ ಎಂದಾದರೂ ಸೋರಿದರೆ ನೀರು ಬೀಮಿಗೆ ಹೋಗುವ ಬದಲು ಹೊರಗೆ ಬಂದು ಸುದ್ದಿ ಹೇಳುತ್ತದೆ. ಪರೀಕ್ಷೆ ಮುಗಿದ ಕೂಡಲೇ ನೀರು ಖಾಲಿ ಮಾಡಿ. ಟೆರೇಸಿನಲ್ಲಿ, ಡ್ರಮ್ಮಿನಲ್ಲಿ ಒಂದು ವಾರ ನಿಂತರೆ ಸೊಳ್ಳೆ ಹಾರಲಿಕ್ಕೆ ತಯಾರು. ನಮ್ಮ ಕಡೆ ಮಲೇರಿಯಾ ಹಬ್ಬಿದ್ದು ಹೆಚ್ಚಾಗಿ ಕಟ್ಟಡ ಕೆಲಸದ ಇಂಥ ನೀರಿನಿಂದಲೇ, ಅದೂ ಆಸ್ಪತ್ರೆಯ ತಲೆಯ ಮೇಲೆ!

ಲಂಪ್‌ಸಮ್ (ಇಡೀ ಕೆಲಸಕ್ಕೆ ಒಂದೇ ಮೊತ್ತ) ಒಪ್ಪಂದ ಮಾಡಬೇಡಿ. ತಟ್ಟಿ ನೋಡಿದಾಗ ಟೊಳ್ಳು ಕೇಳಿದ್ದಕ್ಕಿಂತ ಒಡೆದಾಗ ಸಿಗುವುದು ಯಾವಾಗಲೂ ಹೆಚ್ಚು. ಲಂಪ್‌ಸಮ್ ಆದರೆ ಕಂಟ್ರಾಕ್ಟರ್ ಒಡೆಯುವುದನ್ನು ಬೇಗ ನಿಲ್ಲಿಸುತ್ತಾನೆ. ಆಳದ ಪ್ರಕಾರ ಚದರ ಅಡಿಗೆ ದರ, ಸರಳು ಕಿಲೋಗೆ, ಆನೋಡ್ ಒಂದಕ್ಕೆ ಇಷ್ಟು. ಮಾರ್ಟರ್ ಮುಚ್ಚುವ ಮೊದಲು ಇಬ್ಬರೂ ನಿಂತು ಅಳತೆ, ಫೋಟೋ. ಬಜೆಟಿನಲ್ಲಿ ಮೂರನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ.

ವಾರ್ಡ್_ಕೊನೇ_ಬೆಡ್

ಒಂದೆರಡು ಬಿಟ್ಟುಹೋಯಿತು. ಎಕ್ಸ್‌ರೇ ಕೋಣೆಯ ಗೋಡೆ ಕೊರೆದರೆ, ಗಾರೆ ಕೆತ್ತಿದರೆ ಕಿರಣ ತಡೆಯುವ ದಪ್ಪ ಕಡಿಮೆಯಾಗುತ್ತದೆ. ರೇಡಿಯೇಶನ್ ಸೇಫ್ಟಿ ಆಫೀಸರ್ ಸರ್ವೆ ಮಾಡದೆ ಮತ್ತೆ ಎಕ್ಸ್‌ರೇ ತೆಗೆಯಬಾರದು.

ಬಣ್ಣ, ಕೋಟಿಂಗ್ ನೀರಿನ ಆಧಾರದ್ದೇ ತೆಗೆದುಕೊಳ್ಳಿ. ಥಿನ್ನರ್ ವಾಸನೆ ಅಸ್ತಮಾ ರೋಗಿಗಳಿಗೆ ತಟ್ಟದ ಹಾಗೆ ಗೋಡೆ ತಡೆಯುವುದಿಲ್ಲ.

ಜಿಪ್ಸಮ್ ಗೋಡೆಯನ್ನು ಕೆಲಸ ಮುಗಿದ ದಿನವೇ ಕೀಳಬೇಡಿ. ಒಳಗೆ ಎರಡು ಸುತ್ತು ಕ್ಲೀನ್ ಆಗಿ, ಎಕ್ಸಾಸ್ಟ್ ಯಂತ್ರ ಒಂದು ರಾತ್ರಿ ಓಡಿ, ಫಾಲ್ಸ್ ಸೀಲಿಂಗಿನ ಮೇಲ್ಭಾಗವನ್ನು ಟಾರ್ಚ್ ಹಾಕಿ ನೋಡಿದ ಮೇಲೆ ಕೊನೆಗೆ ಗೋಡೆ. ಗೋಡೆ ಬಿಚ್ಚುವಾಗಲೂ ಯಂತ್ರ ಓಡುತ್ತಿರಲಿ. ಓಟಿಗೆ ಸ್ವ್ಯಾಬ್ ನೆಗೆಟಿವ್ ಬಂತು ಅನ್ನುವುದು ಸಾಲದು. ಹೆಪಾ ಸೋರಿಕೆ ಪರೀಕ್ಷೆ, ಕಣಗಳ ಎಣಿಕೆ, ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾವಣೆ, ಪಕ್ಕದ ಕಾರಿಡಾರಿಗಿಂತ 2.5 ಪ್ಯಾಸ್ಕಲ್ ಹೆಚ್ಚು ಒತ್ತಡ, ಇಷ್ಟೂ ಕಾಗದದಲ್ಲಿ ಬಂದ ಮೇಲೆ ಲಿಸ್ಟ್ ಹಾಕಿ.

ಮತ್ತೆ ಪರ್ಮಿಟ್ ಚೀಟಿಯಲ್ಲಿ ವಾರ್ಡ್ ಸಿಸ್ಟರ್ ಸಹಿಗೂ ಒಂದು ಜಾಗ ಇರಲಿ. ಬಾಗಿಲಿನ ಟಿಶ್ಯೂ ಎಳೆ ಹೊರಗೆ ವಾಲಿದರೆ ಕೆಲಸ ನಿಲ್ಲಿಸುವ ಅಧಿಕಾರ ಅವರಿಗೆ, ಯಾರನ್ನೂ ಕೇಳದೆ.

ನೀಲಿ_ಹೆಲ್ಮೆಟ್ (ಉಡುಪಿ)

ಸರಿ. ಈ ವಾರ ಫಾಲ್ಸ್ ಸೀಲಿಂಗ್ ಬಿಚ್ಚಿ ಆಕ್ಸಿಜನ್ ಲೈನಿನ ದಾರಿ ಗುರುತಿಸುತ್ತೇವೆ, ಎಎಚ್‌ಯು ಒಂದಾ ಎರಡಾ ನೋಡುತ್ತೇವೆ. ಟಾಯ್ಲೆಟ್ ಇರುವ ಪೂರ್ವದ ಪಟ್ಟಿಯನ್ನೇ ಮೊದಲು ಹಿಡಿಯುವುದು ಅಂತ ಅಂದುಕೊಂಡಿದ್ದೇನೆ. ನಕ್ಷೆ ತಯಾರಾದ ಮೇಲೆ ಇಲ್ಲಿ ಹಾಕುತ್ತೇನೆ, ಪ್ರಾಪ್ ಜಾಗ ಒಮ್ಮೆ ನೋಡಿ ಹೇಳಿ.